ಸ್ಪ್ರಿಂಗ್‌ಸ್ಟೀನ್ ಆಲ್ಬಮ್‌ಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ, ಕೊನೆಯ ಸ್ಥಾನ ಯಾವುದಕ್ಕೆ?

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ಆಲ್ಬಮ್‌ಗಳನ್ನು ಒಳ್ಳೆಯದರಿಂದ ಕಳಪೆಯವರೆಗೆ ಸಾಲಾಗಿ ಇಡಿ, ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತಲೂ ಹೇಳಿ ಎಂದು ಕೇಳಿದ್ದೀರಿ. 1973ರಿಂದ 2022ರವರೆಗೆ ಸ್ಟುಡಿಯೊ ಆಲ್ಬಮ್‌ಗಳೇ 21 ಇವೆ. ಇಪ್ಪತ್ತೊಂದಕ್ಕೂ ಅಂಕ ಕೊಡುತ್ತಾ ಕೂರುವುದಿಲ್ಲ. ತುದಿ ಎರಡನ್ನು ಸರಿಯಾಗಿ ನೋಡಿ, ನಡುವಿನದನ್ನು ಬೇಗ ದಾಟುತ್ತೇನೆ. ನನ್ನ ಅಳತೆಗೋಲು ಒಂದೇ: ಮಾಡಿದ್ದರಲ್ಲಿ ಎಷ್ಟನ್ನು ಆತ ಹೊರಗಿಟ್ಟ? ಹೆಚ್ಚು ಬಿಟ್ಟಷ್ಟೂ ಆಲ್ಬಮ್ ಗಟ್ಟಿ.

ಮೊದಲ ಸ್ಥಾನ 1978ರ ‘ಡಾರ್ಕ್‌ನೆಸ್ ಆನ್ ದಿ ಎಡ್ಜ್ ಆಫ್ ಟೌನ್’ಗೆ. ಮ್ಯಾನೇಜರ್ ಜೊತೆಗಿನ ಮೊಕದ್ದಮೆ 1977ರಲ್ಲಿ ಮುಗಿಯುವವರೆಗೂ ಹೊಸ ಆಲ್ಬಮ್‌ನ ಕೆಲಸ ಹಿಡಿಯಲು ಆಗಲಿಲ್ಲ. ಆಮೇಲೆ ಹತ್ತಾರು ಹಾಡು ರೆಕಾರ್ಡ್ ಆದವು. ಆಲ್ಬಮ್‌ನಲ್ಲಿ ಉಳಿದದ್ದು 10. ‘ಬಿಕಾಸ್ ದಿ ನೈಟ್’ ಗಾಯಕಿ ಪ್ಯಾಟಿ ಸ್ಮಿತ್ ಪಾಲಾಯಿತು, ‘ಫೈರ್’ ಪಾಯಿಂಟರ್ ಸಿಸ್ಟರ್ಸ್ ಎಂಬ ಗಾಯಕಿಯರ ತಂಡದ ದನಿಯಲ್ಲಿ ಹಿಟ್ ಆಯಿತು. ಇಂಥ ಹಾಡುಗಳನ್ನು ಕೈಬಿಡಲು ಎದೆಗಾರಿಕೆ ಬೇಕು. ಹಾಗೆ ಬಿಟ್ಟವೇ 2010ರಲ್ಲಿ ‘ದಿ ಪ್ರಾಮಿಸ್’ ಎಂಬ ಎರಡು ಸಿ.ಡಿ.ಗಳಾಗಿ ಬಂದವು. ಅದನ್ನು ಕೇಳಿದರೆ ಕಾರಣ ಗೊತ್ತಾಗುತ್ತದೆ: ಹಾಡುಗಳು ಚೆನ್ನಾಗಿವೆ, ಆದರೆ ಪ್ರೇಮಗೀತೆಗಳು ಹೆಚ್ಚು. ಅವು ಒಳಗೆ ಬಂದಿದ್ದರೆ ಫ್ಯಾಕ್ಟರಿ, ಅಪ್ಪ, ಸಾಲ, ಹಟ ಅಂತ ಬಿಗಿದುಕೊಂಡ ಆಲ್ಬಮ್ ಸಡಿಲವಾಗಿಬಿಡುತ್ತಿತ್ತು. ಸ್ಯಾಕ್ಸೊಫೋನ್ ಇಲ್ಲಿ ಹಿಂದೆ ಸರಿದು ಗಿಟಾರ್ ಮುಂದೆ ಬಂದಿದೆ. ‘ರೇಸಿಂಗ್ ಇನ್ ದಿ ಸ್ಟ್ರೀಟ್’ ಸುಮಾರು ಏಳು ನಿಮಿಷದ ಹಾಡು. ಮಾತು ಮುಗಿದ ಮೇಲೂ ಪಿಯಾನೊ, ಆರ್ಗನ್ ಸಾಗುತ್ತಲೇ ಇರುತ್ತವೆ. ಅಲ್ಲಿ ಮುಂದಿನ ಹಾಡಿಗೆ ಹಾರಬೇಡಿ.

ಎರಡನೆಯದು 1982ರ ‘ನೆಬ್ರಾಸ್ಕ’. ಕೆಲವರು ಇದನ್ನೇ ಮೊದಲಿಡುತ್ತಾರೆ, ನಾನು ಜಗಳವಾಡುವುದಿಲ್ಲ. ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ, ಟಿಯಾಕ್ ಪೋರ್ಟಾಸ್ಟುಡಿಯೊ 144 ಎಂಬ ನಾಲ್ಕು ಟ್ರ್ಯಾಕಿನ (ನಾಲ್ಕು ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯುವ) ಕ್ಯಾಸೆಟ್ ಯಂತ್ರಕ್ಕೆ ಎರಡು ಶೂರ್ ಎಸ್‌ಎಂ57 ಮೈಕ್ ಹಾಕಿ ಮಾಡಿಕೊಂಡ ಡೆಮೊ, ಅಂದರೆ ಕಚ್ಚಾ ರೆಕಾರ್ಡಿಂಗ್ ಇದು. ಬ್ಯಾಂಡ್‌ಗೆ ಕೇಳಿಸಲೆಂದು ಮಾಡಿದ್ದು, ಅಷ್ಟೆ. ನಾಲ್ಕೇ ಟ್ರ್ಯಾಕ್ ಇದ್ದುದರಿಂದ ಗಿಟಾರ್, ದನಿ ಹೋಗಿ ಉಳಿದ ಎರಡರಲ್ಲಿ ಹಾರ್ಮೋನಿಕವೋ ಇನ್ನೊಂದು ದನಿಯೋ ಮಾತ್ರ ಹಿಡಿಸುತ್ತಿತ್ತು. ಆಮೇಲೆ ಬ್ಯಾಂಡ್ ಕಟ್ಟಿಕೊಂಡು ಸ್ಟುಡಿಯೊದಲ್ಲಿ ಅದೇ ಹಾಡುಗಳನ್ನು ನುಡಿಸಿ ನೋಡಿದರೆ ಕ್ಯಾಸೆಟ್ಟಿನಲ್ಲಿ ಕೇಳಿಸುತ್ತಿದ್ದ ಭಯವೇ ಮಾಯ. ಕೊನೆಗೆ ಜೇಬಿನಲ್ಲಿದ್ದ ಕ್ಯಾಸೆಟ್ಟೇ ಆಲ್ಬಮ್ ಆಯಿತು. ಡಿಸ್ಕ್‌ಗೆ ಇಳಿಸಲು ಎಂಜಿನಿಯರ್‌ಗಳು ಪಟ್ಟ ಪಾಡು ಕಡಿಮೆಯದಲ್ಲ. ಟೇಪಿನ ಸರಸರ ಸದ್ದು ಮೂಲದಲ್ಲೇ ಇದೆ, ಒಳ್ಳೆಯ ಸ್ಪೀಕರ್ ತಂದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ, ಹೋಗುವುದಿಲ್ಲ. ಗಲಾಟೆಯ ನಡುವೆ ಇದನ್ನು ಹಾಕಿದರೆ ಏನೂ ದಕ್ಕುವುದಿಲ್ಲ. ರಾತ್ರಿ, ಹೆಡ್‌ಫೋನ್‌ನಲ್ಲಿ ಕೇಳಿ.

ಮೂರನೆಯದು 1975ರ ‘ಬಾರ್ನ್ ಟು ರನ್’. ಹೊಸಬರು ಶುರು ಮಾಡಬೇಕಾದದ್ದೂ ಇಲ್ಲಿಂದಲೇ. ಬರೀ 8 ಹಾಡು, ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ಶೀರ್ಷಿಕೆಯ ಹಾಡೊಂದಕ್ಕೇ ಆರು ತಿಂಗಳು ಹಿಡಿಯಿತು. ಗಿಟಾರ್ ಮೇಲೆ ಗಿಟಾರ್, ಅದರ ಮೇಲೆ ಗ್ಲಾಕೆನ್‌ಸ್ಪೀಲ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ), ತಂತಿವಾದ್ಯ ಎಲ್ಲ ಪೇರಿಸಿದ್ದಾನೆ. ಹಾಗಾಗಿಯೇ ಇದಕ್ಕೆ ಮೂರನೆಯ ಸ್ಥಾನ: ಸಣ್ಣ ಸ್ಪೀಕರ್‌ನಲ್ಲಿ ನಡುವಿನ ಸ್ವರಗಳೆಲ್ಲ ಕಲಸಿ ಮುದ್ದೆಯಾಗುತ್ತವೆ. ‘ಜಂಗಲ್‌ಲ್ಯಾಂಡ್’ನಲ್ಲಿ ಕ್ಲಾರೆನ್ಸ್ ಕ್ಲೆಮನ್ಸ್ ನುಡಿಸಿದ ಸ್ಯಾಕ್ಸೊಫೋನ್ ಭಾಗ ಮಾತ್ರ ಯಾವ ಸ್ಪೀಕರ್‌ನಲ್ಲೂ ಸೋಲುವುದಿಲ್ಲ.

ನಾಲ್ಕನೆಯದು 1987ರ ‘ಟನಲ್ ಆಫ್ ಲವ್’: ಬಹುಪಾಲು ಒಬ್ಬನೇ, ಡ್ರಮ್ ಮಷೀನ್ ಮತ್ತು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಇಟ್ಟುಕೊಂಡು ಮಾಡಿದ ದಾಂಪತ್ಯದ ಅನುಮಾನಗಳ ಆಲ್ಬಮ್. ಸಿಂಥ್ ಸದ್ದಿಗೆ ವಯಸ್ಸಾಗಿದೆ, ಹಾಡುಗಳಿಗೆ ಆಗಿಲ್ಲ. ಐದನೆಯದು 1984ರ ‘ಬಾರ್ನ್ ಇನ್ ದಿ ಯು.ಎಸ್.ಎ.’ 12 ಹಾಡಿನಲ್ಲಿ 7 ಅಮೆರಿಕದ ಟಾಪ್ 10 ಸೇರಿದವು. ಹಾಗಂತ ಇದೇ ಅತ್ಯುತ್ತಮವಲ್ಲ. ಶೀರ್ಷಿಕೆಯ ಹಾಡನ್ನು ದೇಶಭಕ್ತಿಗೀತೆ ಎಂದುಕೊಂಡವರಿಗೆ ಲೆಕ್ಕವಿಲ್ಲ. ಅದು ವಿಯೆಟ್ನಾಂನಿಂದ ಮರಳಿ ಕೆಲಸ ಸಿಗದವನ ಹಾಡು. ಆ ಹಾಡಿನ ‘ನೆಬ್ರಾಸ್ಕ’ ಕಾಲದ ಡೆಮೊ 1998ರ ‘ಟ್ರ್ಯಾಕ್ಸ್’ ಸಂಗ್ರಹದಲ್ಲಿದೆ. ಅದನ್ನು ಮೊದಲು ಕೇಳಿದರೆ ಗೊಂದಲವೇ ಇರುವುದಿಲ್ಲ.

ಆರನೆಯದು 1980ರ ‘ದಿ ರಿವರ್’. ನನ್ನ ಅಳತೆಗೋಲು ತುಸು ಬಾಗುವುದು ಇಲ್ಲೇ. 1979ರಲ್ಲಿ 10 ಹಾಡಿನ ಒಂದೇ ಡಿಸ್ಕ್ ಸಿದ್ಧ ಮಾಡಿ, ಸಾಲದೆಂದು ವಾಪಸ್ ಪಡೆದು, 20 ಹಾಡಿನ ಎರಡು ಡಿಸ್ಕ್ ಮಾಡಿದ. ಅಳುವುದೂ ಕುಣಿಯುವುದೂ ಅಕ್ಕಪಕ್ಕ ಇರಬೇಕೆಂಬುದು ಲೆಕ್ಕಾಚಾರ. ಮುಕ್ಕಾಲು ಪಾಲು ಫಲಿಸಿದೆ, ನಾಲ್ಕೈದು ಹಾಡು ದಂಡ.

ನಡುವಿನ ಗುಂಪಿಗೆ ‘ದಿ ವೈಲ್ಡ್, ದಿ ಇನೊಸೆಂಟ್ ಅಂಡ್ ದಿ ಈ ಸ್ಟ್ರೀಟ್ ಶಫಲ್’, ‘ದಿ ರೈಸಿಂಗ್’, ‘ವೆಸ್ಟರ್ನ್ ಸ್ಟಾರ್ಸ್’, ‘ಲೆಟರ್ ಟು ಯೂ’, ಇದೇ ಕ್ರಮದಲ್ಲಿ. ‘ದಿ ರೈಸಿಂಗ್’ನಲ್ಲಿ 15 ಹಾಡು, 11ಕ್ಕೆ ನಿಲ್ಲಿಸಿದ್ದರೆ ಮೇಲಿನ ಆರರೊಳಗೆ ಇರುತ್ತಿತ್ತು. ‘ಮ್ಯಾಜಿಕ್’ ಹಾಡುಗಳು ಒಳ್ಳೆಯವೇ, ಆದರೆ ಎಲ್ಲವನ್ನೂ ಒಂದೇ ಜೋರಿಗೆ ಒತ್ತಿ ಮಾಸ್ಟರ್ ಮಾಡಿದ್ದಾರೆ, ಅರ್ಧ ದಾರಿಗೇ ಕಿವಿ ಸೋಲುತ್ತದೆ. ವಾಲ್ಯೂಮ್ ಇಳಿಸಿ ಕೇಳಿ.

ಕೆಳಗಿನ ಮೂರರಲ್ಲಿ ಮೇಲಿರುವುದು 1992ರ ‘ಹ್ಯೂಮನ್ ಟಚ್’. ಹಳೆಯ ಬ್ಯಾಂಡ್ ಬಿಟ್ಟು ಸ್ಟುಡಿಯೊ ವಾದಕರ ಜೊತೆ ತಿಂಗಳುಗಟ್ಟಲೆ ತಿದ್ದಿದ 14 ಹಾಡು. ಆ ಕೆಲಸದ ಕೊನೆಗೆ ಬೇಗ ಬೇಗ ಹುಟ್ಟಿದ ‘ಲಕ್ಕಿ ಟೌನ್’ನ 10 ಹಾಡು ಇದಕ್ಕಿಂತ ಜೀವಂತವಾಗಿವೆ. ಎರಡನ್ನೂ ಒಂದೇ ದಿನ ಬಿಡುಗಡೆ ಮಾಡಿದ್ದು ತಪ್ಪು. ‘ಲಕ್ಕಿ ಟೌನ್’ ಹಾಗೇ ಇಟ್ಟುಕೊಂಡು, ‘ಹ್ಯೂಮನ್ ಟಚ್’ನಿಂದ ಶೀರ್ಷಿಕೆಯ ಹಾಡು ಮತ್ತು ‘ಐ ವಿಶ್ ಐ ವರ್ ಬ್ಲೈಂಡ್’ ಎರಡನ್ನೇ ಸೇರಿಸಿ ಪ್ಲೇಲಿಸ್ಟ್ ಮಾಡಿದರೆ ಒಂದು ಗಟ್ಟಿ ಆಲ್ಬಮ್ ಸಿಗುತ್ತದೆ. ಅದರ ಕೆಳಗೆ 2009ರ ‘ವರ್ಕಿಂಗ್ ಆನ್ ಎ ಡ್ರೀಮ್’. ಎಂಟು ನಿಮಿಷದ ‘ಔಟ್‌ಲಾ ಪೀಟ್’ ಆರಂಭದಲ್ಲೇ ಸುಸ್ತು ಮಾಡುತ್ತದೆ.

ಕಟ್ಟಕಡೆಯದು 2014ರ ‘ಹೈ ಹೋಪ್ಸ್’. ಬೇರೆಯವರ ಹಾಡು, ಹಿಂದೆ ಬಿಟ್ಟಿದ್ದ ಹಾಡು, ಹಳೆಯ ಹಾಡನ್ನೇ ಮತ್ತೆ ನುಡಿಸಿದ್ದು, ಎಲ್ಲ ಒಂದೇ ಚೀಲದಲ್ಲಿ. ‘ದಿ ಗೋಸ್ಟ್ ಆಫ್ ಟಾಮ್ ಜೋಡ್’ ಹಾಡು ಮೊದಲ ಸಲ ಪಿಸುಮಾತಾಗಿದ್ದಾಗಲೇ ಚುಚ್ಚುತ್ತಿತ್ತು. ಟಾಮ್ ಮೊರೆಲ್ಲೊ ಗಿಟಾರ್ ಅಬ್ಬರದಲ್ಲಿ ಆ ಮೊನೆ ಮೊಂಡಾಗಿದೆ. ‘ದಿ ವಾಲ್’ ಒಂದನ್ನು ಎತ್ತಿಟ್ಟುಕೊಳ್ಳಿ.