ರಂಗನತಿಟ್ಟಿಗೆ ಹೋಗಲು 20×50 ಬೈನಾಕ್ಯುಲರ್ ಒಳ್ಳೆಯದಾ, 10–30 ಝೂಮ್ ಒಳ್ಳೆಯದಾ?

ಎರಡೂ ಬೇಡ. ಆರು ವರ್ಷದ ಹಿಂದೆ ಮೈಸೂರಿನ ಒಂದು ಅಂಗಡಿಯಲ್ಲಿ ನಾನೂ ಇದನ್ನೇ ಕೇಳಿದ್ದೆ. ಪಕ್ಕದಲ್ಲೇ 8×42 ಕೂಡ ಇತ್ತು. (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ.) ಅಂಗಡಿಯವರು "20 ಇರುವಾಗ 8 ಯಾಕೆ ಸಾರ್?" ಅಂದರು. ಹೌದಲ್ವಾ ಅನ್ನಿಸಿತು. ಸಂತೆಯಲ್ಲಿ ದೊಡ್ಡ ಕುಂಬಳಕಾಯಿ ಆರಿಸಿದ ಹಾಗೆ 20×50 ಎತ್ತಿಕೊಂಡೆ. ಮುಂದಿನ ಗಾಜು ಕೆಂಪಗೆ ಹೊಳೆಯುತ್ತಿತ್ತು, ಅದಕ್ಕೂ ಮರುಳಾದೆ.

ಏಪ್ರಿಲ್ ತಿಂಗಳು, ಅಪ್ಪನ ಜೊತೆ ರಂಗನತಿಟ್ಟಿನ ದೋಣಿ ಹತ್ತಿದೆ. ಬಂಡೆಯ ಮೇಲೆ ನದಿ ರೀವಗಳು ಕೂತಿದ್ದವು. ಬೈನಾಕ್ಯುಲರ್ ಕಣ್ಣಿಗೆ ಹಿಡಿದರೆ ನೀರು, ಬಂಡೆ, ಆಕಾಶ, ಮತ್ತೆ ನೀರು. ಹಕ್ಕಿ ಮಾತ್ರ ಸಿಗಲಿಲ್ಲ. ಒಮ್ಮೆ ಸಿಕ್ಕಿತು, ಆದರೆ ಗಡಗಡ ನಡುಗುತ್ತಿತ್ತು. ದೋಣಿಯವರು ನೋಡೀ ನೋಡೀ, "ಸಾರ್, ಬರೀ ಕಣ್ಣಲ್ಲೇ ನೋಡ್ಬುಡಿ, ದೋಣಿ ಮುಂದಕ್ಕೋಯ್ತದೆ" ಅಂದರು. ಅಪ್ಪ ಬರಿಗಣ್ಣಲ್ಲೇ ಮೊಸಳೆ ಎಣಿಸುತ್ತಿದ್ದರು.

ನಾನು ಎಡವಿದ್ದು ಇಲ್ಲೇ. 20 ಪಟ್ಟು ದೊಡ್ಡದಾಗಿ ಕಾಣುವುದು ಹಕ್ಕಿಯೊಂದೇ ಅಲ್ಲ, ನಿಮ್ಮ ಕೈ ನಡುಕವೂ 20 ಪಟ್ಟು ಆಗುತ್ತದೆ. ನೆಲದ ಮೇಲೆ ನಿಂತರೂ 8 ಅಥವಾ 10ರ ಆಚೆ ಕೈಯಲ್ಲಿ ಹಿಡಿಯುವುದು ಕಷ್ಟ. ಇನ್ನು ಅಲ್ಲಾಡುವ ದೋಣಿಯಲ್ಲಿ ಕೇಳಬೇಕಾ? ಪವರ್ ಏರಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಅದಕ್ಕೇ ಹಕ್ಕಿ ಸಿಗದೇ ಇದ್ದದ್ದು.

ಕತ್ತಲೆಯ ವಿಷಯ ಗೊತ್ತಾಗಿದ್ದು ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ, ಬೆಳಗಿನ ಆರು ಗಂಟೆಗೆ. 50ನ್ನು 20ರಿಂದ ಭಾಗಿಸಿ: 2.5. ಅಷ್ಟು ಮಿಲಿಮೀಟರ್ ಅಗಲದ ಬೆಳಕು ಮಾತ್ರ ಕಣ್ಣಿಗೆ ಬರುತ್ತದೆ. 8×42ರಲ್ಲಿ ಅದು 5.25. ಮಬ್ಬಿನಲ್ಲಿ ಕಣ್ಣಿನ ಪಾಪೆ ಅರಳಿ ಕಾಯುತ್ತಿರುತ್ತದೆ, ನನ್ನದು ಅದಕ್ಕೆ ಚಮಚದಲ್ಲಿ ಬೆಳಕು ಬಡಿಸುತ್ತಿತ್ತು! ಜೊತೆಗೆ ಗಾಜಿನ ಆ ಕೆಂಪು ಲೇಪನ ಕೆಂಪು ಬೆಳಕನ್ನು ಹೊರಗೇ ಒದೆಯುತ್ತದೆ. ಹೆಜ್ಜಾರ್ಲೆ ಹಸಿರು ಹಸಿರಾಗಿ ಕಂಡಿತು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ತಮ್ಮ ಹಳೇ 8×42 ಕೊಟ್ಟು "ಇದರಲ್ಲಿ ನೋಡಪ್ಪ" ಅಂದರು. ಅದೇ ಹಕ್ಕಿ, ಕೊಕ್ಕಿನ ಚುಕ್ಕೆ ಸಮೇತ ಕಂಡಿತು. ಹೊಟ್ಟೆ ಉರಿದುಹೋಯಿತು.

ಹಾಗಾಗಿ "ಜಾಸ್ತಿ ಪವರ್ ಯಾವುದು" ಅನ್ನುವ ಪ್ರಶ್ನೆಯನ್ನೇ ಬಿಡಿ. 8×42 ತಗೊಳ್ಳಿ. ಅಗ್ಗದ ಝೂಮ್ ಅಂತೂ ಸುಮ್ನೆ ದಂಡ. ಅಂಗಡಿಯಲ್ಲಿ ಬೈನಾಕ್ಯುಲರನ್ನು ಒಂದು ಮೊಳ ದೂರ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜು ನೋಡಿ. ಬೆಳಕಿನ ಬಿಲ್ಲೆ ದುಂಡಗಿರಬೇಕು. ಅಂಚು ಕತ್ತರಿಸಿ ಚೌಕದ ಹಾಗೆ ಕಂಡರೆ ಒಳಗಿನ ಪ್ರಿಸಂ ಕಳಪೆ. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ, ಪೂರ್ತಿ ವೃತ್ತ ಕಾಣದಿದ್ದರೆ ವಾಪಸ್ ಇಟ್ಟುಬಿಡಿ. ಯಾವ ಕಂಪನಿ ಅಂತ ಆಮೇಲೆ ತಲೆ ಕೆಡಿಸಿಕೊಳ್ಳಿ.

ದುಡ್ಡು ಹೊಂದಿಸುವವರೆಗೆ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಅಲ್ಲಿ ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ, ಬೈನಾಕ್ಯುಲರೇ ಬೇಡ.

ನನ್ನ 20×50 ಈಗ ಅಕ್ಕನ ಮಗನ ಹತ್ತಿರ ಇದೆ. ತಾರಸಿ ಗೋಡೆ ಮೇಲೆ ಊರಿಕೊಂಡು ಚಂದ್ರನನ್ನು ನೋಡುತ್ತಾನೆ. ಅದಕ್ಕೆ ಪರವಾಗಿಲ್ಲ.