ಅಟ್ಟದಿಂದ ಇಳಿದ ರೇಡಿಯೋ: ಓದುಗರ ಪ್ರಶ್ನೆ, ಹಳೇ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ತಾತನ ಕಾಲದ ಮರ್ಫಿ ರೇಡಿಯೋ ಅಟ್ಟದಲ್ಲಿ ಸಿಕ್ಕಿದೆ. ಮರದ ಪೆಟ್ಟಿಗೆ, ಮುಂದೆ ಬಟ್ಟೆ, ಗಾಜಿನ ಡಯಲ್. ನಲವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಪ್ಲಗ್ ಹಾಕಿ ನೋಡಬಹುದಾ ಸಾರ್?
– ಕೃಷ್ಣರಾಜಪೇಟೆಯ ಓದುಗರು

ಉತ್ತರ: ಬೇಡ. ಈ ಸಂಚಿಕೆ ಕೈಗೆ ಬರುವಷ್ಟರಲ್ಲಿ ಹಾಕಿಬಿಟ್ಟಿದ್ದರೆ, ಏನಾಯ್ತು ಅಂತ ಬರೆಯಿರಿ.

ಮಂಡ್ಯದ ಪೇಟೆ ಬೀದಿಯಲ್ಲಿ ನಾನು ಕೆಲಸ ಕಲಿಯುತ್ತಿದ್ದ ಕಾಲ. ಯಜಮಾನರು ಊಟಕ್ಕೆ ಹೋಗಿದ್ದರು. ಹಳ್ಳಿಯ ಗೌಡರೊಬ್ಬರು ಜಮಖಾನದಲ್ಲಿ ಸುತ್ತಿಕೊಂಡು ವಾಲ್ವ್ ಸೆಟ್ ತಂದರು, ಅಂದರೆ ಗಾಜಿನ ಕೊಳವೆಗಳು ಕಾದು ಕೆಲಸ ಮಾಡುವ ಹಳೇ ರೇಡಿಯೋ. "ಬಹಳ ದಿನ ಆಯ್ತು ಹಾಕಿ, ಒಂದ್ಸಲ ನೋಡಪ್ಪ" ಅಂದರು. ನನಗೂ ದೊಡ್ಡ ಮೆಕ್ಯಾನಿಕ್ ಅನ್ನಿಸಿಕೊಳ್ಳುವ ಆಸೆ. ಹಾಕಿದೆ. ಡಯಲ್ ದೀಪ ಹತ್ತಿತು. ಗುಂಯ್ ಅಂತ ಸದ್ದು ಬಂತು, ಏರುತ್ತಾ ಹೋಯಿತು, ಆಮೇಲೆ ಟಪ್! ಕರೆಂಟನ್ನು ಹಿಡಿದಿಟ್ಟು ಸಮ ಮಾಡುವ ಫಿಲ್ಟರ್ ಕಂಡೆನ್ಸರ್ ಒಡೆದು ಬೆಳ್ಳಿ ಕಾಗದದ ಚೂರು ಮೇಜಿನ ತುಂಬಾ. ಗೌಡರು ಮೂಗು ಮುಚ್ಚಿಕೊಂಡು, "ಒಳಗೆ ಇಲಿ ಸತ್ತಿತ್ತೇನೋ" ಅಂದರು. ಹೌದು ಅಂದುಬಿಟ್ಟೆ.

ವರ್ಷಗಟ್ಟಲೆ ಕರೆಂಟ್ ಕಾಣದ ಕಂಡೆನ್ಸರ್ ಒಳಗೊಳಗೇ ಕೆಟ್ಟಿರುತ್ತದೆ. ಒಮ್ಮೆಗೇ ಇನ್ನೂರು ಮುನ್ನೂರು ವೋಲ್ಟ್ ಬಿದ್ದರೆ ತಡೆಯುವುದಿಲ್ಲ. ಅದು ಹೋಗುವಾಗ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನೂ ಕರೆದುಕೊಂಡು ಹೋಗಬಹುದು. ಕಂಡೆನ್ಸರ್ ಹೊಸದು ಸಿಗುತ್ತದೆ. ವಾಲ್ವ್ ಹುಡುಕಿಕೊಂಡು ಅಲೆಯಬೇಕು.

ಅದಕ್ಕೇ ನಾವು ಸೀರೀಸ್ ಬಲ್ಬ್ ಇಟ್ಟುಕೊಳ್ಳುವುದು. 60 ವ್ಯಾಟಿನ ಹಳೇ ತಂತಿ ಬಲ್ಬು, ಎಲ್‌ಇಡಿ ಅಲ್ಲ. ಕರೆಂಟ್ ಅದರ ಮೂಲಕವೇ ರೇಡಿಯೋಗೆ ಹೋಗಬೇಕು. ಬಲ್ಬು ಹತ್ತಿ, ಆಮೇಲೆ ಮಂಕಾದರೆ ಒಳ್ಳೆಯದು. ಝಗ್ಗನೆ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಬೇಕು. ಇದನ್ನು ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಫಿಲ್ಟರ್ ಕಂಡೆನ್ಸರ್ ಜೊತೆಗೆ ಔಟ್‌ಪುಟ್ ವಾಲ್ವಿನ (ಸ್ಪೀಕರ್ ನಡೆಸುವ ವಾಲ್ವ್) ಗ್ರಿಡ್ಡಿಗೆ, ಅಂದರೆ ಸಿಗ್ನಲ್ ಒಳಬರುವ ಜಾಗಕ್ಕೆ ಹೋಗುವ ಪೇಪರ್ ಕಂಡೆನ್ಸರನ್ನೂ ಬದಲಾಯಿಸಲು ಹೇಳಿ. ಅದು ಲೀಕ್ ಆದರೆ ಔಟ್‌ಪುಟ್ ವಾಲ್ವ್ ಕಾದು ಕೆಂಪಾಗುತ್ತದೆ.

ಇನ್ನೊಂದು ಇದಕ್ಕಿಂತ ಮುಖ್ಯ. ಪ್ಲಗ್ ಹೊರಗೇ ಇರಲಿ, ಹಿಂದಿನ ರಟ್ಟು ತೆಗೆದು ವಾಲ್ವಿನ ಗಾಜಿನ ಮೇಲಿನ ಅಕ್ಷರ ಓದಿ. ಯುಸಿಎಚ್, ಯುಎಲ್, ಯುವೈ ಅಂತ 'ಯು'ನಿಂದ ಶುರುವಾದರೆ ಅದು ಎಸಿ-ಡಿಸಿ ಸೆಟ್. ಅಂಥ ಸೆಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಕರೆಂಟಿನ ಒಂದು ತಂತಿ ನೇರ ಒಳಗಿನ ಲೋಹದ ತಟ್ಟೆಗೆ, ಅಂದರೆ ಚಾಸಿಸ್‌ಗೇ ಬಂದಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಾಮುರುಗಾ ಆದರೆ ಇಡೀ ಚಾಸಿಸ್ ಫೇಸ್, ಮುಟ್ಟಿದರೆ ಶಾಕ್! ನಾಬ್ ಬಿದ್ದುಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿದ್ದರೆ ಅದನ್ನು ಮುಟ್ಟಲೇಬೇಡಿ. 'ಇ'ನಿಂದ ಶುರುವಾಗುವ ವಾಲ್ವುಗಳಿದ್ದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಸೆಟ್. ಹಾಗಂತ ಒಳಗೆ ಕೈ ಹಾಕಬೇಡಿ.

ಡಯಲ್ ಗಾಜನ್ನು ಒಳಗಡೆಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಊರಿನ ಹೆಸರುಗಳನ್ನು ಬರೆದಿರುವುದು ಆ ಕಡೆಯೇ. ನಾನೊಮ್ಮೆ ಒರೆಸಿ ಕೊಲಂಬೋ, ದೆಹಲಿ ಎರಡನ್ನೂ ಬಟ್ಟೆಗೆ ಬಳಿದುಕೊಂಡಿದ್ದೇನೆ.

ಪ್ರಶ್ನೆ: ಶಾರ್ಟ್‌ವೇವ್ (ದೂರದ ದೇಶಗಳ ಕೇಂದ್ರ ಹಿಡಿಯುವ ಬ್ಯಾಂಡ್) ಇರುವ ಪುಟ್ಟ ರೇಡಿಯೋ ಕೊಂಡೆ. ಮನೆಯಲ್ಲಿ ಬರೀ ಗೊರಗೊರ. ಶಾರ್ಟ್‌ವೇವ್‌ನಲ್ಲಿ ಈಗ ಏನಾದರೂ ಬರುತ್ತದಾ, ಅಥವಾ ನಾನು ಮೋಸ ಹೋದೆನಾ?
– ಶ್ರೀರಂಗಪಟ್ಟಣದ ಓದುಗರು

ಉತ್ತರ: ಮೋಸ ಹೋಗಿಲ್ಲ, ತಡವಾಗಿ ಬಂದಿದ್ದೀರಿ ಅಷ್ಟೆ. ಬಿಬಿಸಿ ಹಿಂದಿ ಶಾರ್ಟ್‌ವೇವ್ 2020ರಲ್ಲಿ ನಿಂತಿತು. ಅಂಗಡಿ ಮುಚ್ಚಿದವರು ಇನ್ನೂ ಎಷ್ಟೋ ಮಂದಿ. ಆದರೆ ಚೀನಾ ರೇಡಿಯೋ ಜೋರಾಗಿ ಬರುತ್ತದೆ, ಅದನ್ನು ತಪ್ಪಿಸಿಕೊಳ್ಳುವುದೇ ಕಷ್ಟ. ಹುಡುಕಿದರೆ ಬೇರೆಯವೂ ಸಿಗುತ್ತವೆ.

ಗೊರಗೊರ ನಿಮ್ಮ ಮನೆಯದ್ದೇ. ರೇಡಿಯೋ ಹಾಕಿಟ್ಟು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆಫ್ ಮಾಡಿ. ಕಳ್ಳ ಸಿಗುತ್ತಾನೆ. ನಮ್ಮ ಮನೆಯಲ್ಲಿ ಸಿಕ್ಕ ಕಳ್ಳ ದೇವರ ಮನೆಯ ಸೀರಿಯಲ್ ಲೈಟು. ಅದನ್ನು ಆಫ್ ಮಾಡಿಸುವುದು ನನ್ನ ಕೈಲಾಗಲಿಲ್ಲ, ನಾನೇ ತಾರಸಿಗೆ ಹೋದೆ. ನಿಮಗೆ ಗದ್ದೆ ಬದು ಇದ್ದರೆ ಇನ್ನೂ ಒಳ್ಳೆಯದು. ಹತ್ತು ಮೀಟರ್ ತಂತಿಯನ್ನು ಎರಡು ತೆಂಗಿನ ಮರದ ನಡುವೆ ಎಳೆದು, ತುದಿಯನ್ನು ರೇಡಿಯೋದ ಏರಿಯಲ್‌ಗೆ ಕ್ಲಿಪ್ ಹಾಕಿ. ಕರೆಂಟ್ ಲೈನ್ ಹತ್ತಿರ ಮಾತ್ರ ಬೇಡ. ಗುಡುಗು ಬಂದರೆ ತಂತಿ ಬಿಚ್ಚಿ.

ಹೊತ್ತೂ ನೋಡಬೇಕು. ಹಗಲು ಬಿಸಿಲಿಗೆ ಮೇಲೆ ವಾತಾವರಣದಲ್ಲಿ ಒಂದು ಪದರ ಎದ್ದು, ಕಡಿಮೆ ಕಿಲೋಹರ್ಟ್ಜಿನ, ಅಂದರೆ ಮೀಟರ್ ಸಂಖ್ಯೆ ದೊಡ್ಡದಿರುವ ಬ್ಯಾಂಡುಗಳನ್ನು ನುಂಗಿಹಾಕುತ್ತದೆ. ಆಗ 19 ಮೀಟರ್, 25 ಮೀಟರ್ ನೋಡಿ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, 31, 41, 49 ಮೀಟರ್ ಬ್ಯಾಂಡುಗಳು ಜೀವ ತಾಳುತ್ತವೆ. ಮೊದಲು 31ರಿಂದ ಶುರುಮಾಡಿ, ಅಂದರೆ 9400ರಿಂದ 9900 ಕಿಲೋಹರ್ಟ್ಜ್. ನಾಬನ್ನು ಕೂದಲೆಳೆಯಷ್ಟು ತಿರುಗಿಸಿ. ಜಾಸ್ತಿ ತಿರುಗಿಸಿದರೆ ಮೂರು ದೇಶ ದಾಟಿಬಿಡುತ್ತೀರಿ.

ಪ್ರಶ್ನೆ: 'ಆಕಾಶವಾಣಿ' ಹೆಸರು ನಮ್ಮ ಒಂಟಿಕೊಪ್ಪಲಿನದಂತೆ, ನಿಜವಾ?
– ಮೈಸೂರಿನ ಓದುಗರು

ಉತ್ತರ: ನಿಜ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟಿನದು, ಮೇಲೆ ಹೇಳಿದ ನನ್ನ ಸೀರೀಸ್ ಬಲ್ಬಿನ ಅರ್ಧ! ಅದಕ್ಕಿಟ್ಟ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು.

ಪ್ರಶ್ನೆ: ಸಿನಿಮಾದಲ್ಲಿ ಹಳೇ ರೇಡಿಯೋ ಕಂಡರೆ ಯಾವ ಕಾಲದ್ದು ಅಂತ ಹೇಗೆ ಕಂಡುಹಿಡಿಯುವುದು?
– ಮದ್ದೂರಿನ ಓದುಗರು

ಉತ್ತರ: ನಮ್ಮ ಮನೆಯಲ್ಲಿ ನನ್ನ ಪಕ್ಕ ಯಾರೂ ಸಿನಿಮಾ ನೋಡಲು ಕೂರುವುದಿಲ್ಲ. ಕಾರಣ ಇದೇ. ಕಥೆ 1942ರದ್ದು ಅಂತಾರೆ, ಮೇಜಿನ ಮೇಲೆ ಟ್ರಾನ್ಸಿಸ್ಟರ್ ಇರುತ್ತದೆ. ಟ್ರಾನ್ಸಿಸ್ಟರ್ ರೇಡಿಯೋ ಅಮೆರಿಕದಲ್ಲೇ ಅಂಗಡಿಗೆ ಬಂದದ್ದು 1954ರಲ್ಲಿ. ಡಯಲ್ ಹತ್ತಿರದಿಂದ ಕಂಡರೆ ಕಿಲೋಸೈಕಲ್ ಅಂತಿದೆಯಾ, ಕಿಲೋಹರ್ಟ್ಜ್ ಅಂತಿದೆಯಾ ನೋಡಿ. ಅಳತೆ ಒಂದೇ, ಹೆಸರು ಬೇರೆ. ಹರ್ಟ್ಜ್ ಎನ್ನುವ ಹೆಸರನ್ನು ಅಂತರರಾಷ್ಟ್ರೀಯವಾಗಿ ಒಪ್ಪಿದ್ದು 1960ರಲ್ಲಿ, ಡಯಲ್ ಮೇಲೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು.

ಇನ್ನೊಂದು ಗುರುತು. ಹೀರೋ ವಾಲ್ವ್ ರೇಡಿಯೋದ ನಾಬ್ ತಿರುಗಿಸಿದ ತಕ್ಷಣ ವಾರ್ತೆ ಬಂದರೆ ಸುಳ್ಳು. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷವಾದರೂ ಬೇಕು. ನಮ್ಮಪ್ಪ ರೇಡಿಯೋ ಹಾಕಿ, ಹೋಗಿ ಮುಖ ತೊಳೆದು ಬರುತ್ತಿದ್ದರು.