ಬೈದಿದ್ದು ಸಾಕು, ಅವರನ್ನೇ ಹಾಡಿಸಿ

ಗೆಳೆಯರೇ,

ಚಿನ್ನದ ಗಣಿಯ ನಿಮ್ಮೂರು ಕೆಜಿಎಫ್ ಬಗ್ಗೆ ನೀವು ಬರೆದ ಏಳು ಪಂಕ್ ರಾಕ್ ಹಾಡುಗಳನ್ನು, ಅದೇ ಗಿಟಾರ್ ಗದ್ದಲದ ಸಿಟ್ಟಿನ ಹಾಡುಗಳನ್ನು, ಓದಿದೆ. ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿದ್ದೀರಿ, ಹಾಡುಗಳು ನಮ್ಮ ಪತ್ರಿಕೆಯಲ್ಲೂ ಬರಲಿ ಅಂತ ಕೇಳಿದ್ದೀರಿ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾಲ್ಕು ಹಾಡಿನ ತುಂಬ ಲಾಂಗು, ಮಚ್ಚು, ರಕ್ತ. ಇದು ಸಿನಿಮಾದವರ ಕೆಜಿಎಫ್. ಅಲ್ಲಿನ ಆಂಡರ್ಸನ್‌ಪೇಟೆಯಲ್ಲೇ ಹುಟ್ಟಿ ಬೆಳೆದ ನೀವು ಟಿಕೆಟ್ ಕೊಂಡು ನೋಡಿದ ಊರನ್ನು ಯಾಕೆ ಬರೆಯಬೇಕು? ಐದನೆಯದರಲ್ಲಿ ಕೆಲಸ ಹೋದ ಗಣಿ ಕಾರ್ಮಿಕನ ಕುಡಿತವನ್ನು ಆಡಿಕೊಂಡಿದ್ದೀರಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದವನು ಅವನಲ್ಲ. ಇದು ಗಾಯದ ಮೇಲೆ ಬರೆ, ವಿಡಂಬನೆ ಅಲ್ಲ. ತೆಗೆದುಬಿಡಿ.

ಆರನೆಯದು ಸೈನೈಡ್ ಗುಡ್ಡದ ಹಾಡು. ಒಳ್ಳೆ ಸರಕು ಕೈಗೆ ಸಿಕ್ಕಿತ್ತು, ಹಾಳು ಮಾಡಿದ್ದೀರಿ. ‘ಕೊಳೆತ ವ್ಯವಸ್ಥೆಯೇ, ಧಿಕ್ಕಾರ’ ಅಂತ ಒಂಬತ್ತು ಚರಣ ಸುಮ್ನೆ ಕೂಗಾಟ. ಅದಿರು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ ಅದು. ಗಾಳಿ ಬೀಸಿದರೆ ಧೂಳು ಮನೆಯೊಳಗೆ, ಅನ್ನದ ತಟ್ಟೆಯೊಳಗೆ. ಅದೇ ಗುಡ್ಡದ ಮೇಲೆ ಸಿನಿಮಾದವರು ಶೂಟಿಂಗ್ ಮಾಡಿಕೊಂಡು ಹೋಗುತ್ತಾರೆ. ಲೊಕೇಷನ್ ನೋಡಲು ಬಂದವನ ಕೈಗೆ ಮೈಕ್ ಕೊಡಿ. ‘ಆಹಾ, ಏನ್ ಲೊಕೇಷನ್ ಸಾರ್! ಧೂಳಿಗೆ ದುಡ್ಡೇ ಕೊಡ್ಬೇಕಿಲ್ಲ!’ ಅಂತ ಅವನೇ ಖುಷಿಯಾಗಿ ಹಾಡಲಿ. ನೀವು ಒಂದು ಬೈಗುಳವನ್ನೂ ಸೇರಿಸಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಪಂಕ್ ತಂಡ ಡೆಡ್ ಕೆನಡೀಸ್ 1979ರಲ್ಲಿ ತನ್ನ ಮೊದಲ ಸಿಂಗಲ್‌ನಲ್ಲಿ ಮಾಡಿದ್ದೂ ಇದನ್ನೇ. ಕ್ಯಾಲಿಫೋರ್ನಿಯಾದ ಆಗಿನ ಗವರ್ನರ್ ಜೆರ್ರಿ ಬ್ರೌನ್ ತಾವೇ ಹಾಡುತ್ತಿದ್ದಾರೆ ಅನ್ನುವ ಹಾಗೆ ಆ ಹಾಡು ಕಟ್ಟಿದರು.

ಉದ್ದವೂ ಜಾಸ್ತಿ. ನ್ಯೂಯಾರ್ಕ್‌ನ ಪಂಕ್ ತಂಡ ರಮೋನ್ಸ್‌ನ 1976ರ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳಿವೆ, ಅರ್ಧ ಗಂಟೆಯೊಳಗೆ ಎಲ್ಲ ಮುಗಿಯುತ್ತವೆ. ಇನ್ನು ಭಾಷೆ. ನಿಮ್ಮೂರಿನ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಒಂದೇ ಉಸಿರಿಗೆ ಬರುತ್ತವೆ ಅಲ್ವಾ? ಹಾಡಿನಲ್ಲಿ ಮಾತ್ರ ‘ಅಂಧಕಾರ’, ‘ಆಕ್ರಂದನ’. ಗಿಟಾರ್ ಗದ್ದಲದಲ್ಲಿ ‘ಆಕ್ರಂದನ’ ಯಾರಿಗೆ ಕೇಳಿಸುತ್ತೆ ಹೇಳಿ?

ಏಳನೆಯದನ್ನು, ಆ ರೈಲಿನ ಹಾಡನ್ನು, ಹಾಕುತ್ತೇನೆ. ಈ ಎರಡು ಸಾಲಿಗಾಗಿ:

‘ನಮ್ಮೂರ್ಗೆ ಕರೆಂಟ್ ಬಂದಾಗ ನೀವಿನ್ನೂ ಕತ್ಲಲ್ಲಿ
ನಿಮ್ ಆಫೀಸ್ ಕಸ ಗುಡ್ಸೋಕೆ ನಾವೇಳೋದು ಕತ್ಲಲ್ಲಿ’

ಶಿವನಸಮುದ್ರದ ಕರೆಂಟು ಗಣಿಗೆ ಹೋಗಿದ್ದು 1902ರಲ್ಲಿ, ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಈಗ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ಹತ್ತಿ ಇಲ್ಲಿಗೆ ದುಡಿಯಲು ಬರುವವರು ನಿಮ್ಮೂರಿನವರು. ಇಸವಿ ಹೇಳದೆ, ಗೋಳಾಡದೆ ಬೆಂಗಳೂರಿನವರ ಕಾಲೆಳೆದಿದ್ದೀರಿ. ನಾನೂ ಇಲ್ಲಿಯವನೇ, ಚುರುಕ್ ಅಂತು. ಕೊನೆಯಲ್ಲಿರುವ ‘ಏಳಿ ಎದ್ದೇಳಿ ಯುವಕರೇ’ ಚರಣ ಮಾತ್ರ ಕಿತ್ತುಹಾಕಿ. ಸೈನೈಡ್ ಗುಡ್ಡದ್ದನ್ನೂ ತಿದ್ದಿ ಕಳಿಸಿ, ಎರಡನ್ನೂ ಒಟ್ಟಿಗೇ ಹಾಕೋಣ.

— ಸಂಪಾದಕ